ನನ್ನ ಪಾಲಿನ ಬೂದುಬಣ್ಣದ ಕೌದಿ

ಬೆಳಕೆ ಎಂಬ ಊರಿನ ನಮ್ಮ ಮನೆಯ ನಡುಮನೆಗೆ ಇದ್ದುದು ಒಂದೇ ಕಿಟಕಿ, ಮತ್ತು ಅದರ ಕೆಳಗೆ ಕೂರುವ ಹಕ್ಕು ನನ್ನ ತಂಗಿ ಗಿರಿಜೆಯದಾಗಿತ್ತು. ಈ ಹಕ್ಕನ್ನು ಅವಳಿಗೆ ಯಾರು ಕೊಟ್ಟರು, ಯಾವ ಯೋಗ್ಯತೆಯ ಮೇಲೆ ಕೊಟ್ಟರು ಎಂದು ನಾನು ಬಹಳ ವರ್ಷ ಯೋಚಿಸಿದ್ದೇನೆ. ಯಾರೂ ಕೊಟ್ಟದ್ದಲ್ಲ. ಅವಳು ಹೋಗಿ ಕೂತಳು; ಯಾರೂ ಏಳಿಸಲಿಲ್ಲ. ನಾನು ಅವಳಿಗಿಂತ ಮೂರು ವರ್ಷ ದೊಡ್ಡವಳು, ಅಂದರೆ ಆ ಕಿಟಕಿಯನ್ನು ಅವಳಿಗಿಂತ ಮೂರು ವರ್ಷ ಮೊದಲು ಕಂಡವಳು. ಆದರೂ ನನಗೆ ಒದಗಿದ್ದು ಅಡುಗೆಮನೆಯ ಬಾಗಿಲ ಪಕ್ಕದ ಜಾಗ. ಅಲ್ಲಿಗೆ ಒಲೆಯ ಹೊಗೆ ಬರುತ್ತಿತ್ತು, ಬೆಳಕು ಬರುತ್ತಿರಲಿಲ್ಲ. ಮನೆ ದೊಡ್ಡದೇನಲ್ಲ. ಮುಂದೆ ಅಪ್ಪನ ಬಲೆಗಳು ತೂಗುತ್ತಿದ್ದ ಜಗಲಿ, ಒಳಗೆ ನಡುಮನೆ, ಅದರ ಹಿಂದೆ ಅಡುಗೆಮನೆ, ಪಕ್ಕದಲ್ಲಿ ಉಪ್ಪು ಮತ್ತು ಒಣಮೀನು ಇಡುವ ಕತ್ತಲೆಕೋಣೆ, ಮೇಲೆ ಅಟ್ಟ. ಇಷ್ಟು ಸಣ್ಣ ಮನೆಯಲ್ಲಿ ನಾಲ್ಕು ಜನ ಬದುಕುವಾಗ ಯಾರಿಗೆ ಯಾವ ಮೂಲೆ ಎಂಬುದು ಕ್ಷುಲ್ಲಕ ಪ್ರಶ್ನೆಯಲ್ಲ. ಅದನ್ನು ಕ್ಷುಲ್ಲಕವೆನ್ನುವವರು ಕಿಟಕಿಯ ಕೆಳಗೆ ಕೂತವರು.

ಅಪ್ಪ ದೋಣಿಯಲ್ಲಿ ಹೋಗುತ್ತಿದ್ದ. ನಮ್ಮ ತಾಯಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಅವಳು ಮೀನಿನ ಬುಟ್ಟಿ ಹೊತ್ತು ಶಿರಾಲಿಯ ಕಡೆಗೆ ಮಾರಲು ಹೋಗುತ್ತಿದ್ದಳು. ಮಾರಿ ಉಳಿದದ್ದು ಮಧ್ಯಾಹ್ನದ ಸಾರಿಗೆ. ಬಂಗುಡೆಯ ಹೊಟ್ಟೆಯಲ್ಲಿ ತತ್ತಿ ಸಿಕ್ಕಿದ ದಿನ ನಾನು ಬಟ್ಟಲು ಹಿಡಿದು ಒಲೆಯ ಹತ್ತಿರವೇ ಕೂರುತ್ತಿದ್ದೆ. ಆಯಿ ಸೌಟಿನಲ್ಲಿ ತತ್ತಿಯನ್ನು ಎತ್ತಿ, ನನ್ನ ಬಟ್ಟಲಿನ ಮೇಲಿಂದಲೇ ದಾಟಿಸಿ, ಗಿರಿಜೆಯ ಅನ್ನದ ಮೇಲೆ ಇಡುತ್ತಿದ್ದಳು. ದಾಟಿಸುವಾಗ ಸಾರಿನ ಒಂದು ಹನಿ ನನ್ನ ಬಟ್ಟಲಿಗೂ ಬೀಳುತ್ತಿತ್ತು. ಒಂದು ದಿನ ಕೇಳಿಯೇಬಿಟ್ಟೆ.

"ನಂಗೆ?"

"ಗಿರಿಜ ಸಣ್ಣದು ಮಗಾ, ಅದ್ಕೆ ಇರ್ಲಿ. ನಿಂಗೆ ಬಾಲದ ತುಂಡು ಅಂದ್ರೆ ಇಷ್ಟ ಅಲ್ದನೆ?"

ನನಗೆ ಬಾಲದ ತುಂಡು ಇಷ್ಟವೆಂದು ನಾನು ಯಾರಿಗೂ ಹೇಳಿರಲಿಲ್ಲ. ಎಂದೋ ಒಮ್ಮೆ ಮುಳ್ಳನ್ನು ನೀಟಾಗಿ ಬಿಡಿಸಿ ತಿಂದಿದ್ದೆ. ಅಷ್ಟಕ್ಕೇ ಅದು ನನ್ನ ಇಷ್ಟವಾಗಿ ನಿಂತುಹೋಯಿತು. ನಮ್ಮ ಮನೆಯಲ್ಲಿ ಯಾವ ಕೆಲಸವನ್ನು ಚೆನ್ನಾಗಿ ಮಾಡಿದರೂ ಸಿಗುತ್ತಿದ್ದ ಬಹುಮಾನ ಮತ್ತೆ ಅದೇ ಕೆಲಸ. ಗಿರಿಜೆ ಮುಳ್ಳು ನುಂಗಿ ಕೆಮ್ಮುತ್ತಿದ್ದಳು, ಆಯಿ ಅವಳ ಬೆನ್ನು ಸವರುತ್ತಿದ್ದಳು. ಬೆನ್ನು ಸವರಿಸಿಕೊಳ್ಳಬೇಕೆಂದು ನಾನೂ ಒಮ್ಮೆ ಕೆಮ್ಮಿದೆ. ಆಯಿ ತಿರುಗಿಯೂ ನೋಡದೆ "ನೀರು ಕುಡಿ" ಎಂದಳು.

ಅಪ್ಪನೂ ಬೇರೆಯಾಗಿರಲಿಲ್ಲ. ಮಳೆಗಾಲದಲ್ಲಿ ದೋಣಿಯನ್ನು ದಡಕ್ಕೆ ಎಳೆದ ಮೇಲೆ ಅವನು ಜಗಲಿಯಲ್ಲಿ ಕೂತು ಹರಿದ ಬಲೆಗಳನ್ನು ಸರಿಪಡಿಸುತ್ತಿದ್ದ. ಒಮ್ಮೆ ಅವನು ಊಟಕ್ಕೆ ಎದ್ದಾಗ ಅರ್ಧಕ್ಕೆ ಬಿಟ್ಟ ಕಡೆಯಲ್ಲಿ ನಾನು ಹದಿನಾಲ್ಕು ಗಂಟು ಹಾಕಿದೆ. ಒಂದೊಂದನ್ನೂ ಹಲ್ಲಿನಿಂದ ಕಚ್ಚಿ ಬಿಗಿ ಮಾಡಿದ್ದೆ. ಕಣ್ಣುಗಳೆಲ್ಲ ಒಂದೇ ಅಳತೆ. ಅಪ್ಪ ಬಂದವನು ಅದನ್ನು ಬೆಳಕಿಗೆ ಎತ್ತಿ ಹಿಡಿದು ನೋಡಿ, ಗಿರಿಜೆಯನ್ನು ಕರೆದು ತೋರಿಸಿ ನಕ್ಕ.

"ನಾಗು ಗಂಟು ಹಾಕಿದ್ರೆ ಬಲೆ ಆಗೂದಿಲ್ಲ ಮಾರಾಯ್ತಿ, ಪೆಟ್ಟಿಗೆ ಆತದೆ. ಮೀನು ಬೀಗದ ಕೈ ತಕ್ಕಂಡು ಬರ್ಬೇಕು."

ಆ ಹದಿನಾಲ್ಕು ಗಂಟನ್ನೂ ಅವನು ಬಿಚ್ಚಿದ. ನನ್ನ ಎದುರಿಗೇ ಬಿಚ್ಚಿದ. ಅದೇ ವರ್ಷ ಶಾಲೆಯ ಹೊಲಿಗೆಯ ತರಗತಿಯಲ್ಲಿ ನನ್ನ ಕರವಸ್ತ್ರಕ್ಕೆ ಮೊದಲ ಸ್ಥಾನ ಬಂದು ಅದನ್ನು ಗೋಡೆಗೆ ತೂಗುಹಾಕಿದ್ದರು, ಮನೆಗೆ ತಂದು ತೋರಿಸಿದಾಗ ಆಯಿ ಹೇಳಿದ್ದು ಇಷ್ಟು: "ಚಂದ ಅದೆ. ಗಿರಿಜ ಬರೂ ಹೊತ್ತಾತು, ನೀರು ಕಾಸು." ಮುಂದೆ ನಾನು ಹೊನ್ನಾವರದಲ್ಲಿ ಶಾಲಾ ಶಿಕ್ಷಕಿಯಾಗಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಮಕ್ಕಳ ಪುಸ್ತಕಗಳಲ್ಲಿ ಕೆಂಪು ಗೆರೆ ಎಳೆದೆ. ಯಾವ ಮಗು ನೇರವಾಗಿ ಬರೆದು ತಂದರೂ, ಅದು ಬೇಡವೆನ್ನುವವರೆಗೆ ಹೊಗಳಿದೆ. ಕಾರಣ ಆ ಮಕ್ಕಳಿಗೆ ಗೊತ್ತಿರಲಿಲ್ಲ.

ಇಷ್ಟನ್ನೂ ಹೇಳಿದ್ದು ಕೌದಿಗಳ ವಿಷಯಕ್ಕೆ ಬರಲೆಂದು. ಆಯಿಗೆ ಬುಟ್ಟಿ ಹೊರುವ ಕೆಲಸ ಇಲ್ಲದಿರುತ್ತಿದ್ದುದು ದೋಣಿ ದಡದಲ್ಲಿದ್ದ ಆ ದಿನಗಳಲ್ಲಿ ಮಾತ್ರ. ನಮ್ಮ ಮನೆಯಲ್ಲಿ ಕೌದಿ ಹೊಲಿಯುವ ಕಾಲವೂ ಅದೇ. ಹಳೆಯ ಸೀರೆ, ಪಂಚೆ, ಹರಿದ ಅಂಗಿಗಳನ್ನು ಬಿಸಿಲು ಕಂಡ ದಿನ ಒಗೆದು ಒಣಗಿಸಿ, ನಡುಮನೆಯ ನೆಲದ ಮೇಲೆ ಪದರ ಪದರವಾಗಿ ಹಾಸಿ, ಎಲ್ಲಕ್ಕಿಂತ ಮೇಲೆ ಗಟ್ಟಿಯಾದ ಒಂದು ಸೀರೆಯನ್ನು ಹೊದಿಸುವುದು. ಪದರಗಳು ಅಲುಗಬಾರದೆಂದು ನಾಲ್ಕೂ ಮೂಲೆಗಳಿಗೆ ಅಪ್ಪನ ಬಲೆಯ ಸೀಸದ ಗುಂಡುಗಳನ್ನು ಹೇರುತ್ತಿದ್ದೆವು. ಎದುರುಬದುರಾದ ಎರಡು ಅಂಚುಗಳಲ್ಲಿ ಇಬ್ಬರು ಕೂರಬೇಕು. ಒಬ್ಬಳು ಈ ಕಡೆಯಿಂದ, ಇನ್ನೊಬ್ಬಳು ಆ ಕಡೆಯಿಂದ ಸಾಲು ಸಾಲಾಗಿ ಹೊಲಿಯುತ್ತಾ ಬಂದು ನಡುವಿನಲ್ಲಿ ಕೂಡಬೇಕು. ಅಪ್ಪ ಮತ್ತು ಅವನ ಜೊತೆಗಾರ ದೊಡ್ಡ ಬಲೆಯನ್ನು ಎರಡು ತುದಿಯಿಂದ ಸರಿಪಡಿಸುತ್ತಾ ಬರುತ್ತಿದ್ದ ರೀತಿಯೇ ಇದು. ಆಯಿ ಅದನ್ನು ಜಗಲಿಯಿಂದ ನಡುಮನೆಗೆ ತಂದಿದ್ದಳು. ನಾರಳಿ ಹುಣ್ಣಿಮೆಯ ದಿನ ಕಡಲಿಗೆ ತೆಂಗಿನಕಾಯಿ ಬಿಟ್ಟ ಮೇಲೆ ದೋಣಿ ಇಳಿಯುತ್ತಿತ್ತು, ಬುಟ್ಟಿ ಆಯಿಯ ತಲೆಗೆ ಏರುತ್ತಿತ್ತು. ಆ ಹೊತ್ತಿಗೆ ಮುಗಿಯದ ಕೌದಿಯನ್ನು ಮುಂದಿನ ವರ್ಷದವರೆಗೆ ಮುಟ್ಟುವಂತಿರಲಿಲ್ಲ. ಮಡಿಸಿ ಅಟ್ಟಕ್ಕೆ ಹಾಕುವುದು.

ನನಗೆ ಹನ್ನೆರಡು, ಗಿರಿಜೆಗೆ ಒಂಬತ್ತು ನಡೆಯುತ್ತಿದ್ದ ಮಳೆಗಾಲದಲ್ಲಿ ಆಯಿ ನಮ್ಮಿಬ್ಬರಿಗಾಗಿ ಎರಡು ಕೌದಿಗಳನ್ನು ಹಾಸಿದಳು. ಎರಡನ್ನೂ ನಾವಿಬ್ಬರೇ ಹೊಲಿಯಬೇಕು, ಆಮೇಲೆ ಮದುವೆಯಾಗಿ ಹೋಗುವಾಗ ಒಬ್ಬೊಬ್ಬರು ಒಂದೊಂದನ್ನು ಒಯ್ಯಬೇಕು. ಮೇಲೆ ಹೊದಿಸಲು ಅವಳು ತೆಗೆದಿಟ್ಟ ಸೀರೆಗಳು ಎರಡು. ಒಂದು ಅವಳ ಮದುವೆಯ ಸೀರೆ, ದಾಸವಾಳದಂಥ ಕೆಂಪು, ಹಸಿರು ಅಂಚಿನದು. ಇನ್ನೊಂದು ಅಜ್ಜಿ ಉಟ್ಟು ಬಿಟ್ಟಿದ್ದ ಬೂದುಬಣ್ಣದ್ದು. ಮೊದಲು ಅದು ನೀಲಿ ಇತ್ತಂತೆ. ನಾನು ಕೆಂಪಿನ ಪಕ್ಕದಲ್ಲಿ ಕೂತು, ಅದರ ಅಂಚನ್ನು ಬೆರಳಲ್ಲಿ ಹಿಡಿದುಕೊಂಡೇ ಇದ್ದೆ.

"ಕೆಂಪು ಗಿರಿಜಂಗೆ," ಎಂದಳು ಆಯಿ. "ಅದು ಎಲ್ಲೆಲ್ಲೋ ಹೊರಳಾಡ್ತದೆ, ಕೆಂಪಲ್ಲಿ ಕೊಳೆ ಕಾಣೂದಿಲ್ಲ. ನೀ ಚೊಕ್ಕ ಇಟ್ಕಂತೆ. ನಿಂಗೆ ಬೂದಿ ಬಣ್ಣದ್ದೇ ಅಡ್ಡಿಲ್ಲ."

ಚೊಕ್ಕವಾಗಿದ್ದುದಕ್ಕೆ ಬೂದಿ ಬಣ್ಣ! ಈ ತೀರ್ಪಿನಲ್ಲಿ ತರ್ಕದ ದೋಷ ಎಲ್ಲಿದೆ ಎಂದು ನಾನು ಈವರೆಗೆ ಹುಡುಕಿದ್ದೇನೆ, ದೋಷವಿಲ್ಲ. ಅದೇ ನನ್ನ ದೂರು. ದೋಷವಿದ್ದಿದ್ದರೆ ಜಗಳವಾಡಬಹುದಿತ್ತು.

ಮೊದಲು ಹೊಲಿಯಲು ಕೂತದ್ದು ದೊಡ್ಡವಳದೆಂದು ಬೂದುಬಣ್ಣದ್ದನ್ನು. ಗಿರಿಜೆ ಕಿಟಕಿಯ ಕಡೆಯ ಅಂಚಿಗೆ, ನಾನು ಒಲೆಯ ಕಡೆಯ ಅಂಚಿಗೆ. ನನ್ನ ಕ್ರಮ ಹೀಗಿತ್ತು: ಪ್ರತಿ ಸಾಲನ್ನು ಆರಂಭಿಸುವ ಮೊದಲು ಅಂಗೈಯನ್ನು ಬಟ್ಟೆಯ ಮೇಲೆ ಒತ್ತಿ, ನನ್ನಿಂದ ಮುಂದಕ್ಕೆ ಒರೆಸಿ, ಒಂದು ಸುಕ್ಕೂ ಇಲ್ಲದಂತೆ ಮಾಡಿಕೊಳ್ಳುವುದು; ಬಳಿಕ ಸಾಲಿನಿಂದ ಸಾಲಿಗೆ ಒಂದು ಬೆರಳು ಅಂತರ ಬಿಟ್ಟು, ಅಕ್ಕಿಕಾಳಿನಷ್ಟು ಚಿಕ್ಕ ಹೊಲಿಗೆ ಹಾಕುವುದು. ಗಿರಿಜೆಗೆ ಕ್ರಮವೆಂಬುದಿರಲಿಲ್ಲ. ಅವಳು ಹೊಲಿಯುವಾಗ ಮಾತಾಡುತ್ತಿದ್ದಳು. ಮಾತು ತಿರುಗಿದ ಕಡೆಗೆ ಸಾಲೂ ತಿರುಗುತ್ತಿತ್ತು. ಒಂದು ಹೊಲಿಗೆ ಇರುವೆಯಷ್ಟು, ಮುಂದಿನದು ಜಿರಳೆಯಷ್ಟು. ಆದರೂ ಆಯಿ ಅಡುಗೆಮನೆಯಿಂದ ಕೈ ಒರೆಸಿಕೊಂಡು ಬಂದು ನಿಂತು ನೋಡುತ್ತಿದ್ದುದು ಅವಳ ಕಡೆಯನ್ನು. "ನೀರು ಹರ್ದ ಹಾಂಗೆ ಹೋಗ್ತದೆ ಇದ್ರ ಕೈ" ಎಂದು ಅಪ್ಪನಿಗೂ ಕರೆದು ಹೇಳಿದಳು. ನನ್ನ ಸಾಲುಗಳ ವಿಷಯದಲ್ಲಿ ಯಾರಿಗೂ ಹೇಳಲು ಏನೂ ಇರಲಿಲ್ಲ. ನೇರವಾದದ್ದನ್ನು ಏನೆಂದು ವರ್ಣಿಸುವುದು?

ಹುಣ್ಣಿಮೆಗೆ ಮೂರು ದಿನ ಇರುವಾಗ ಎರಡು ಕಡೆಯ ಸಾಲುಗಳು ನಡುವಿಗೆ ಬಂದವು. ಒಂದು ಗೇಣಿನಷ್ಟು ಜಾಗ ಉಳಿದಿತ್ತು, ಮತ್ತು ಆ ಗೇಣಿನೊಳಗೆ ಮೇಲಿನ ಸೀರೆ ಉಬ್ಬಿ ನಿಂತಿತ್ತು. ಒತ್ತಿದರೆ ಅತ್ತ ಹೋಗುತ್ತಿತ್ತು, ಬಿಟ್ಟರೆ ಇತ್ತ ಬರುತ್ತಿತ್ತು. ಮೂರ್ನಾಲ್ಕು ಬೆರಳಿನಷ್ಟು ಬಟ್ಟೆ ಹೆಚ್ಚಾಗಿತ್ತು. ಕೆಳಗಿನ ಪದರಗಳಲ್ಲಿ ಅದಕ್ಕೆ ಜಾಗವಿರಲಿಲ್ಲ. ನನ್ನ ಕೌದಿಯ ಸರಿಯಾಗಿ ನಡುವಿನಲ್ಲಿ! ಇದು ಯಾರ ಕೈಯ ಕೆಲಸ ಎಂಬುದರಲ್ಲಿ ನನಗೆ ಸಂದೇಹವೇ ಇರಲಿಲ್ಲ.

"ಇದು ಇವಳ್ದೇ," ಎಂದು ಕೂಗಿದೆ. "ಸೊಟ್ಟ ಸೊಟ್ಟ ಹೊಲ್ದು ನಂದು ಹಾಳು ಮಾಡ್ತು!"

ಗಿರಿಜೆ ಬಾಯಿ ತೆರೆದಳು, ಆಯಿಯ ಮುಖ ನೋಡಿದಳು, ಮುಚ್ಚಿಕೊಂಡಳು. ಆಯಿ ಬಗ್ಗಿ ಉಬ್ಬಿನ ಮೇಲೆ ಮೆಲ್ಲಗೆ ತಟ್ಟಿದಳು.

"ಇರ್ಲಿ ಬಿಡೇ. ಕೌದಿಗೆ ಹೊಟ್ಟೆ ಬಂದದೆ. ತಿಂಗ್ಳು ತುಂಬಿದ್ರೆ ಮರಿ ಹಾಕ್ತದೆ, ಇನ್ನೊಂದು ಹೊಲ್ಯೂದೇ ಬ್ಯಾಡ."

ಅಪ್ಪ ಜಗಲಿಯಲ್ಲಿ ಕೂತವನು ಕೆಮ್ಮು ಬರುವವರೆಗೆ ನಕ್ಕ. ಗಿರಿಜೆ ನಕ್ಕಳು. ಆಯಿಯೂ ನಕ್ಕಳು. ಆ ಮನೆಯಲ್ಲಿ ನಗದೆ ಇದ್ದವಳು ನಾನೊಬ್ಬಳೇ. ಹಾಳಾದ ಕೌದಿಯೂ ನನ್ನದೇ.

ಹುಣ್ಣಿಮೆಯ ಹಿಂದಿನ ದಿನ ಮಧ್ಯಾಹ್ನ ಆಯಿ ತೆಂಗಿನಕಾಯಿ, ಅರಿಸಿನ ತರಲು ಶಿರಾಲಿಗೆ ಹೋದಳು. ಅಪ್ಪ ದೋಣಿಗೆ ಬಣ್ಣ ಬಳಿಯುವುದನ್ನು ನೋಡಲೆಂದು ಗಿರಿಜೆಯನ್ನು ದಡಕ್ಕೆ ಕರೆದೊಯ್ದ. ನನಗೆ ಹೇಳಿದ್ದು "ನೀ ಮನೆ ನೋಡ್ಕ" ಎಂದು. ನಾನು ಬಾಗಿಲು ಹಾಕಿಕೊಂಡು, ಬಲೆಯ ನೂಲು ಕತ್ತರಿಸುವ ಅಪ್ಪನ ಸಣ್ಣ ಚೂರಿ ತೆಗೆದು, ಮೊದಲ ಬಾರಿಗೆ ಕಿಟಕಿಯ ಕೆಳಗೆ ಕೂತೆ. ಬೆಳಕು ಚೆನ್ನಾಗಿತ್ತು. ನಡುವಿನಿಂದ ಶುರುಮಾಡಿ ಗಿರಿಜೆಯ ಸಾಲುಗಳನ್ನು ಒಂದೊಂದಾಗಿ ಬಿಚ್ಚಿದೆ. ಹನ್ನೊಂದು ಸಾಲು. ಬಿಚ್ಚಿ, ಅವನ್ನೆಲ್ಲ ನೇರವಾಗಿ ಹೊಲಿದುಬಿಡಬೇಕೆಂದಿದ್ದೆ. ಆಯಿ ಬರುವ ಹೊತ್ತಿಗೆ ಕೌದಿ ಸಪಾಟಾಗಿ ಮುಗಿದಿರಬೇಕು, ಅವಳು ಬಾಗಿಲಲ್ಲಿ ನಿಂತು ಅಪ್ಪನನ್ನು ಕೂಗಿ ಕರೆಯಬೇಕು. ಆದರೆ ಬಿಚ್ಚುವ ಕೆಲಸ ಹೊಲಿಯುವ ಕೆಲಸಕ್ಕಿಂತ ನಿಧಾನ ಎಂಬುದು ನನಗೆ ತಿಳಿದಿರಲಿಲ್ಲ. ಆಯಿ ಬಂದಾಗ ನನ್ನ ಸುತ್ತ ನೂಲಿನ ತುಂಡುಗಳು ಬಿದ್ದಿದ್ದವು.

"ಎಂತ ಮಾಡ್ದೆ?"

"ಸರಿ ಮಾಡ್ತಿದ್ದೆ."

"ಸರಿ ಮಾಡು ಹೇಳಿ ಯಾರು ಕೇಳಿದ್ರು ನಿನ್ನ ಹತ್ರ?"

ಅವಳು ಹೊಡೆಯಲಿಲ್ಲ, ಹೊಡೆದಿದ್ದರೆ ಲೆಕ್ಕ ಅಲ್ಲಿಗೆ ಮುಗಿಯುತ್ತಿತ್ತು. ನೆಲದ ಮೇಲಿನ ನೂಲನ್ನು ಒಂದೆಳೆಯೂ ಬಿಡದೆ ಹೆಕ್ಕಿ, ಬೆರಳಿಗೆ ಸುತ್ತಿ ಸುತ್ತಿ ನೆಲ್ಲಿಕಾಯಿಯಷ್ಟು ಉಂಡೆ ಮಾಡಿ, ಕೌದಿಯ ಮಡಿಕೆಯೊಳಗೆ ಇಟ್ಟಳು. ದಡದಿಂದ ಬಂದ ಗಿರಿಜೆಗೆ ವಿಷಯ ತಿಳಿದಾಗ ಅವಳು ಅಳುತ್ತಾಳೆಂದು ಕಾದೆ. ಅವಳು ಕೌದಿಯನ್ನು ಒಮ್ಮೆ ನೋಡಿ, "ಅಕ್ಕ ಬಿಚ್ಚಿದ್ದಲ್ದಾ, ಅಕ್ಕನೇ ಹಾಕ್ಲಿ" ಎಂದು ಊಟಕ್ಕೆ ಕೂತಳು. ನಾನು ಅಷ್ಟು ಕಷ್ಟಪಟ್ಟು ಮಾಡಿದ ಅನ್ಯಾಯ ಅವಳಿಗೆ ತಾಗಲೇ ಇಲ್ಲ. ಅವಳ ಎಲ್ಲ ಭಾಗ್ಯಗಳ ಪೈಕಿ ನನಗೆ ಅತಿ ಹೆಚ್ಚು ಹೊಟ್ಟೆಕಿಚ್ಚು ತಂದದ್ದು ಇದು.

ಅಂದು ಸಂಜೆ ಎರಡೂ ಕೌದಿಗಳು ಅಟ್ಟಕ್ಕೆ ಹೋದವು. ಉಬ್ಬು ಕಂಡ ಮೇಲೆ ಬೂದುಬಣ್ಣದ್ದನ್ನು ಬಿಟ್ಟು ಕೈಹಾಕಿದ್ದ ಕೆಂಪಿನದಕ್ಕೆ ಎರಡು ಕಡೆಯಿಂದ ಹತ್ತು ಹತ್ತು ಸಾಲು ಬಿದ್ದಿತ್ತು. "ನೀವಿಬ್ರೂ ಎದ್ರುಬದ್ರು ಕೂತು ಮುಗ್ಸಿದ ದಿನ ಹೊದ್ಕಳಿ" ಎಂದಳು ಆಯಿ. ಮುಂದಿನ ಮಳೆಗಾಲದಲ್ಲಿ ಇಳಿಸಲೇ ಎಂದು ಆಯಿ ಕೇಳಿದಾಗ, ಗಿರಿಜೆ ನೇರವಾಗಿ ಹೊಲಿಯುವುದಾದರೆ ಇಳಿಸು ಎಂದೆ. "ನಾ ಹೊಲಿದ ಹಾಂಗೇ ಹೊಲಿತೆ" ಎಂದಳು ಗಿರಿಜೆ. ಅದರ ಮುಂದಿನ ವರ್ಷವೂ ಇದೇ ಪ್ರಶ್ನೆ, ಇದೇ ಎರಡು ಉತ್ತರ. ನಾನು ಮದುವೆಯಾಗಿ ಹೊನ್ನಾವರಕ್ಕೆ ಬಂದೆ, ಅವಳು ಕುಮಟೆಯ ಹತ್ತಿರದ ಹೊಳನಗದ್ದೆಗೆ ಹೋದಳು. ಇಬ್ಬರೂ ಹೋದದ್ದು ಅಂಗಡಿಯ ಹೊದಿಕೆ ಹೊತ್ತುಕೊಂಡು. ಅಪ್ಪ, ಆಯಿ ಇಬ್ಬರೂ ತೀರಿಕೊಂಡ ಮೇಲೆ ಮನೆಯ ಸಾಮಾನು ಹಂಚಿಕೊಂಡ ದಿನ ಗಿರಿಜೆ ಆಯಿಯ ಮೀನಿನ ಬುಟ್ಟಿಯನ್ನು ಕೇಳಿದಳು. ನಾನು ಎರಡೂ ಕೌದಿಗಳನ್ನು ಕೇಳಿದೆ. ಪ್ರೀತಿಯಿಂದ ಕೇಳಿದೆನೆಂದು ಬರೆದರೆ ಸುಳ್ಳಾಗುತ್ತದೆ. ಕೆಂಪು ಕೌದಿ ಅವಳ ಪೆಟ್ಟಿಗೆಯಲ್ಲಿ ಇರಬಾರದೆಂದು ಕೇಳಿದೆ. ಟ್ರಂಕಿನಲ್ಲಿ ಕಹಿಬೇವಿನ ಒಣ ಎಲೆಗಳ ನಡುವೆ ಇಟ್ಟು, ವರ್ಷಕ್ಕೊಮ್ಮೆ ಎಲೆ ಬದಲಿಸಿದೆ. ಪ್ರತಿ ನಾರಳಿ ಹುಣ್ಣಿಮೆಗೆ ಅವಳು ಮೊದಲು ಕಾಗದದಲ್ಲಿ, ಆಮೇಲೆ ಫೋನಿನಲ್ಲಿ ಅದೇ ಮಾತು ಕೇಳುತ್ತಿದ್ದಳು: "ಅಕ್ಕಾ, ನನ್ನ ಕೌದಿ ಅಟ್ಟದಿಂದ ಇಳೀತಾ?" "ಮುಗ್ದಿಲ್ಲ" ಎನ್ನುತ್ತಿದ್ದೆ. ಅದು ಸುಳ್ಳಾಗಿರಲಿಲ್ಲ.

ಕಳೆದ ಮಳೆಗಾಲದಲ್ಲಿ ಅವಳು ಫೋನು ಮಾಡಲಿಲ್ಲ. ಹುಣ್ಣಿಮೆಗೆ ಮೂರು ವಾರ ಇರುವಾಗ ಬಸ್ಸು ಹತ್ತಿ ತಾನೇ ಬಂದಳು. ಹಿಂದಿನ ವರ್ಷ ಲಕ್ವ ಹೊಡೆದು ಅವಳ ಬಲಗೈಯ ಬೆರಳುಗಳು ಮಡಚಿಕೊಂಡಿದ್ದವು. ಎಡಗೈಯಲ್ಲಿ ಒಣಸಿಗಡಿಯ ಪೊಟ್ಟಣ, ಹೆಗಲಲ್ಲಿ ಒಂದು ದೊಡ್ಡ ಚೀಲ. ನನ್ನ ಮನೆಯಲ್ಲಿ ಕಿಟಕಿಗಳಿಗೆ ಕೊರತೆಯಿಲ್ಲ. ಅವಳು ಒಳಗೆ ಬಂದು, ಸುತ್ತ ನೋಡಿ, ಎಲ್ಲಕ್ಕಿಂತ ಒಳ್ಳೆಯ ಬೆಳಕಿನ ಕಿಟಕಿಯ ಕೆಳಗೆ ಹೋಗಿ ಕೂತಳು.

"ತೆಗಿಯೇ ಟ್ರಂಕು. ಈ ಸಲ ಮುಗ್ಸೂದೇ. ಮುಂದಿನ ಹುಣ್ಣಿಮೆಗೆ ನಾ ಇರ್ತೆ ಹೇಳಿ ದೇವ್ರು ಬರ್ದು ಕೊಟ್ಟಿದ್ನಾ?"

"ಹೊಲ್ಯೂದು ಯಾರು? ನಿನ್ನ ಕೈ ನೋಡ್ಕ."

"ಅಕ್ಕ ಬಿಚ್ಚಿದ್ದಲ್ದಾ," ಎಂದಳು, ಐವತ್ತೈದು ವರ್ಷಗಳ ಹಿಂದಿನ ಅದೇ ಧ್ವನಿಯಲ್ಲಿ. "ಅಕ್ಕನೇ ಹಾಕ್ಲಿ."

ನಾನು ಬಯಸಿದ್ದು ಕೊನೆಗೂ ಕೈಗೆ ಬಂದಿತ್ತು: ಎರಡೂ ಕೌದಿಗಳು, ಎರಡೂ ಅಂಚುಗಳು, ಒಬ್ಬಳದೇ ಹೊಲಿಗೆ. ಬೂದುಬಣ್ಣದ್ದನ್ನು ಹಾಸಿದೆ. ಮಡಿಕೆಯೊಳಗಿನ ನೂಲಿನ ಉಂಡೆ ಹಾಗೇ ಇತ್ತು. ಅದರಿಂದಲೇ ಹೊಲಿಯೋಣವೆಂದು ಎಳೆದರೆ ಎರಡನೆಯ ಹೊಲಿಗೆಗೇ ತುಂಡಾಯಿತು. ಪೇಟೆಯಿಂದ ಹೊಸ ನೂಲು ತರಿಸಿದೆ; ಅದು ಹಳೆಯದಕ್ಕಿಂತ ಬಿಳಿ, ಎದ್ದು ಕಾಣುತ್ತದೆ. ಗಿರಿಜೆಯ ಹನ್ನೊಂದು ಸಾಲುಗಳಿದ್ದ ಜಾಗದಲ್ಲಿ ಸ್ಕೇಲು ಇಟ್ಟು ನೇರ ಗೆರೆ ಎಳೆಯಲು ಹೊರಟವಳು ನಿಂತೆ. ಹೊಲಿದ ಮೇಲೆ ಒಮ್ಮೆಯೂ ನೀರು ಕಾಣದ ಬಟ್ಟೆ ಸೂಜಿಯ ಗುರುತನ್ನು ಬಿಡುವುದಿಲ್ಲ. ಅವಳ ಹೊಲಿಗೆಯ ಕಣ್ಣುಗಳೆಲ್ಲ ಅಲ್ಲೇ ಇದ್ದವು. ಅವುಗಳ ಪಕ್ಕದಲ್ಲಿ ಹೊಸದಾಗಿ ಚುಚ್ಚಿದರೆ ಜೀರ್ಣವಾದ ಸೀರೆ ಹರಿಯುತ್ತಿತ್ತು. ಎರಡು ಕಡೆ ಹರಿಯಿತು ಕೂಡ. ಬೇರೆ ದಾರಿಯಿಲ್ಲದೆ ಅವಳ ಕಣ್ಣುಗಳೊಳಗೇ ಸೂಜಿ ಹಾಕುತ್ತಾ ಹೋದೆ. ಒಂಬತ್ತು ವರ್ಷದ ಹುಡುಗಿಯ ಹಿಂದೆ ಹೋಗುವುದು ಸುಲಭವಲ್ಲ. ಒಂದು ಕಡೆ ಸಾಲು ಇದ್ದಕ್ಕಿದ್ದಂತೆ ಮೇಲಕ್ಕೆ ಹಾರಿತ್ತು. ಅಲ್ಲಿ ಅವಳು ಏನಕ್ಕೋ ನಕ್ಕಿರಬೇಕು. ಅವಳು ನಕ್ಕಾಗ ನಾನು ಎದುರಿನ ಅಂಚಿನಲ್ಲೇ ಕೂತಿದ್ದೆ, ಆದರೂ ಯಾವುದಕ್ಕೆ ನಕ್ಕಳೆಂದು ನನಗೆ ನೆನಪಿಲ್ಲ. ಎಲ್ಲ ನೆನಪಿಡುವ ನನಗೆ ಅದೊಂದು ನೆನಪಿಲ್ಲ! ಆ ನಗುವಿನ ಮೇಲೂ ನನಗೆ ಅಸೂಯೆಯಾಯಿತು.

ನಾಲ್ಕನೆಯ ಸಾಲಿನ ಮೊದಲು 'ಹಾಂ' ಎಂದಳು ಗಿರಿಜೆ. ನಾನು ತಲೆಯೆತ್ತಿದೆ.

"ಎಂತ ಹಾಂ?"

"ನೀ ಈಗ್ಲೂ ಒರೆಸ್ತೆ. ಸಾಲು ಹಾಕೂಕೆ ಮೊದ್ಲು ಅಂಗೈ ಇಟ್ಟು ಹೀಂಗೆ ಮುಂದೆ ಒರೆಸ್ತೆ. ಮೇಲಿನ ಸೀರೆ ಚೂರು ಚೂರೇ ಮುಂದೆ ಬತ್ತದೆ. ಹೊಟ್ಟೆ ಬಂದದ್ದು ಹಾಂಗೇ ಅಲ್ದನೆ, ಅಕ್ಕಾ?"

"ಸುಳ್ಳು."

"ಸುಳ್ಳು ಎಂತಕ್ಕೆ ಹೇಳ್ಲಿ? ಅವತ್ತೇ ಆಯಿ ಹತ್ರ ಹೇಳಿದ್ದೆ. ಆಯಿಗೂ ಗೊತ್ತಿತ್ತು."

"ಆಯಿ ಎಂತ ಹೇಳ್ತು?"

"ಸುಮ್ನಿರು, ಅವಳಿಗೆ ಹೇಳ್ಬ್ಯಾಡ, ಗೊತ್ತಾದ್ರೆ ಮೊದ್ಲಿಂದ ಪೂರಾ ಬಿಚ್ತದೆ ಅಂತು."

ನಾನು ಒಬ್ಬರ ಮಾತನ್ನಷ್ಟೇ ನಂಬುವವಳಲ್ಲ. ಕೆಂಪು ಕೌದಿಯನ್ನು ಹಾಸಿ, ಮೇಲಿನ ಸೀರೆಗೂ ಕೆಳಗಿನ ಪದರಕ್ಕೂ ಒಂದೇ ನೇರದಲ್ಲಿ ಸೀಮೆಸುಣ್ಣದ ಗುರುತು ಹಾಕಿ, ನನ್ನ ಪದ್ಧತಿಯಂತೆ ಒರೆಸಿ ಒರೆಸಿ ಆರು ಸಾಲು ಹೊಲಿದೆ. ಅಂಚೆತ್ತಿ ನೋಡಿದಾಗ ಮೇಲಿನ ಗುರುತು ಕೆಳಗಿನದಕ್ಕಿಂತ ಅರ್ಧ ಬೆರಳು ಮುಂದಿತ್ತು. ಆ ಆರು ಸಾಲುಗಳನ್ನು ಬಿಚ್ಚಿ, ಒರೆಸದೆ ಹೊಲಿದು ನೋಡಿದೆ. ಗುರುತುಗಳು ಇದ್ದಲ್ಲೇ ಇದ್ದವು. ನನ್ನ ಕಡೆಯ ಸುಕ್ಕುಗಳನ್ನೆಲ್ಲ ನಾನು ಅವಳ ಕಡೆಗೆ ದೂಡಿದ್ದೆ, ಆಮೇಲೆ ಅವುಗಳಿಗಾಗಿ ಅವಳ ಹೊಲಿಗೆಯನ್ನು ಬಿಚ್ಚಿದ್ದೆ. ಇದನ್ನು ಒಪ್ಪಿಕೊಳ್ಳುತ್ತೇನೆ, ಬರೆದೂ ಇಟ್ಟಿದ್ದೇನೆ. ಆದರೆ ಆ ರಾತ್ರಿಗಳಲ್ಲಿ ನನ್ನ ನಿದ್ದೆ ಕೆಡಿಸಿದ್ದು ಈ ತಪ್ಪಲ್ಲ. ಆಯಿ ಮತ್ತು ಗಿರಿಜೆಯ ನಡುವೆ ನನ್ನ ಬಗ್ಗೆ ಒಂದು ಗುಟ್ಟಿತ್ತು. ಅದನ್ನು ಇಬ್ಬರೂ ನನ್ನಿಂದ ಜೋಪಾನವಾಗಿ ಕಾಪಾಡಿದ್ದರು. ನನ್ನ ಬಗೆಗಿನ ಗುಟ್ಟಿನಲ್ಲೂ ನನಗೆ ಪಾಲಿರಲಿಲ್ಲ.

ಕೆಂಪು ಕೌದಿಯನ್ನು ಒರೆಸದೆಯೇ ಮುಗಿಸಿದೆ. ಗಿರಿಜೆ ಎದುರಿನ ಅಂಚಿನಲ್ಲಿ ಕೂತು, ಸೀಸದ ಗುಂಡಿನ ಬದಲಿಗೆ ತನ್ನ ಮಡಚಿದ ಕೈಯನ್ನೇ ಮೂಲೆಯ ಮೇಲೆ ಹೇರಿ, ಬೆಳಗಿನಿಂದ ಸಂಜೆಯವರೆಗೆ ಮಾತಾಡಿದಳು. ಅಂಗೈಯನ್ನು ತಡೆದುಕೊಳ್ಳುವುದರಲ್ಲೇ ನನ್ನ ಗಮನವೆಲ್ಲ ಹೋಗಿ ಸಾಲುಗಳು ಸೊಟ್ಟಗಾದವು. ಎಲ್ಲೆಡೆ ಸಣ್ಣ ಸಣ್ಣ ಸುಕ್ಕುಗಳು, ಎಲ್ಲಿಯೂ ಉಬ್ಬಿಲ್ಲ. ನನ್ನ ಯಾವ ವಿದ್ಯಾರ್ಥಿನಿ ಹಾಗೆ ಹೊಲಿದು ತಂದಿದ್ದರೂ ಹಿಂದಕ್ಕೆ ಕಳಿಸುತ್ತಿದ್ದೆ. ಬಳಿಕ ಬೂದುಬಣ್ಣದ್ದರಲ್ಲಿ ಉಳಿದಿದ್ದ ಅವಳ ಸಾಲುಗಳನ್ನು ಹಾಕಿ, ನಡುವಿನ ಗೇಣು ಜಾಗಕ್ಕೆ ಬಂದೆ. ಉಬ್ಬನ್ನು ಕತ್ತರಿಸಿ ತೆಗೆಯಬಹುದಿತ್ತು, ಮಡಿಸಿ ಮುಚ್ಚಬಹುದಿತ್ತು. ಇದ್ದ ಹಾಗೇ ಬಿಟ್ಟು, ಅದರ ಮೇಲೆ ಹತ್ತಿ ಇಳಿದು ಹೊಲಿದೆ. ಎರಡು ಕಡೆಯ ಸಾಲುಗಳು ಕೂಡಿದಾಗ ಹುಣ್ಣಿಮೆಗೆ ಇನ್ನೂ ಒಂದು ದಿನವಿತ್ತು.

ಹೊರಡುವ ಬೆಳಿಗ್ಗೆ ಗಿರಿಜೆ ಎರಡನ್ನೂ ಮಂಚದ ಮೇಲೆ ಹರಡಿಸಿ, ಬಹಳ ಹೊತ್ತು ನೋಡಿ, ತನ್ನ ನಿರ್ಜೀವ ಕೈಯನ್ನು ಇನ್ನೊಂದು ಕೈಯಿಂದ ಎತ್ತಿ ಆ ಉಬ್ಬಿನ ಕೆಳಗೆ ಇಟ್ಟುಕೊಂಡಳು.

"ಅಕ್ಕಾ, ನಂಗೆ ಈ ಹೊಟ್ಟೆದೇ ಕೊಡು. ಕೆಂಪು ನೀ ಇಟ್ಕ, ಸಣ್ಣದಿಪ್ಪಾಗಿಂದ ನಿನ್ನ ಕಣ್ಣು ಅದರ ಮೇಲೇ ಅದೆ. ಇಲ್ಲಿ ಕೈ ಇಟ್ರೆ ಬೆಚ್ಚಗಾತದೆ ನೋಡು."

ದಾಸವಾಳದ ಕೆಂಪು, ಹಸಿರು ಅಂಚು, ಆಯಿಯ ಮದುವೆಯ ಸೀರೆ. ಬೇಕೆಂದರೆ ಸಾಕು, ನನ್ನದಾಗುತ್ತಿತ್ತು. ಆದರೆ ಅವಳು ಆ ಉಬ್ಬಿನ ಕೆಳಗೆ ಕೈ ಇಟ್ಟುಕೊಂಡ ರೀತಿ ನೋಡಿದ ಕೂಡಲೇ ಕೆಂಪು ನನ್ನ ಕಣ್ಣಿಂದ ಮರೆಯಾಯಿತು. ಅದು ನಾನು ಮಾಡಿದ ಉಬ್ಬು. ಅಷ್ಟು ಸಾಲು ಒರೆಸಿ, ಒಂದೊಂದೆಳೆಯಾಗಿ ಕೂಡಿಸಿ ಮಾಡಿದ್ದು. ಅದರ ಬಿಸುಪೂ ಇವಳಿಗೇ ಹೋಗಬೇಕೇ? ನನ್ನ ತಪ್ಪನ್ನು ಕೂಡ ಅವಳಿಗೆ ಬಿಟ್ಟುಕೊಡಲು ನನಗೆ ಮನಸ್ಸಾಗಲಿಲ್ಲ.

"ಬ್ಯಾಡ," ಎಂದೆ. "ಆಯಿ ಹೇಳಿದ ಹಾಂಗೇ ಆಗ್ಲಿ. ಕೆಂಪು ನಿಂದು. ಇದು ನಂದು."

"ಆತು ಬಿಡು."

ಆ ಮಾತು ತೀರಾ ಬೇಗ ಬಂತೆಂದು ನನಗೆ ಆಗಲೇ ಅನಿಸಿತು. ಅವಳ ದೊಡ್ಡ ಚೀಲ ಬಾಗಿಲ ಬಳಿ ಇತ್ತು. ಅದರಲ್ಲಿದ್ದ ಸೀರೆ ಕುಪ್ಪಸಗಳನ್ನೆಲ್ಲ ಅವಳು ಬೆಳಿಗ್ಗೆಯೇ ತೆಗೆದು ಬೇರೆ ಗಂಟು ಕಟ್ಟಿದ್ದಳು; ಚೀಲದ ತಳಕ್ಕೆ ಒಂದು ಶುಭ್ರವಾದ ಪಂಚೆ ಹಾಸಿತ್ತು. ಕೆಂಪು ಕೌದಿಯನ್ನು ಮಡಿಸಿ ಇಟ್ಟಾಗ ಅಳೆದು ಹೊಲಿಸಿದಂತೆ ಕೂತಿತು. ನಾನು ಏನನ್ನು ಬೇಡವೆನ್ನುತ್ತೇನೆ, ಏನನ್ನು ಕೇಳಿದರೆ ಕೊಡುವುದಿಲ್ಲ ಎಂಬುದು ಗೊತ್ತಿದ್ದೇ ಅವಳು ಹಾಗೆ ಕೇಳಿದಳೇ? ಈ ವಿಷಯದಲ್ಲಿ ನಾನು ಇನ್ನೂ ತೀರ್ಮಾನಕ್ಕೆ ಬಂದಿಲ್ಲ. ಕುಮಟೆಯ ಬಸ್ಸಿನಲ್ಲಿ ಅವಳಿಗೆ ಕಿಟಕಿಯ ಸೀಟೇ ಸಿಕ್ಕಿತು. ಬಸ್ಸು ಹೊರಡುವಾಗ ತಲೆ ಹೊರಗೆ ಹಾಕಿ, ನಿಲ್ದಾಣಕ್ಕೆಲ್ಲ ಕೇಳುವಂತೆ ಕೂಗಿದಳು.

"ಅಕ್ಕಾ, ಹೊದ್ಕಂಬುಕೆ ಮೊದ್ಲು ಒರೆಸ್ಬ್ಯಾಡವೇ!"

ಅಂದು ಮಧ್ಯಾಹ್ನ ಊಟವಾದ ಮೇಲೆ ಬೂದುಬಣ್ಣದ ಕೌದಿಯನ್ನು ಮೊದಲ ಬಾರಿಗೆ ಹೊದ್ದು ಮಲಗಿದೆ. ನನ್ನ ಕಡೆಯ ನೇರ ಸಾಲುಗಳು ಕಾಲಿನತ್ತ, ಅವಳ ಹಳೆಯ ಸೊಟ್ಟ ಸಾಲುಗಳು ಎದೆಯ ಮೇಲೆ. ನಡುವೆ ಆ ಹೊಸ ಬಿಳಿ ನೂಲು. ಬೇಡವೆಂದುಕೊಂಡರೂ ಅಂಗೈ ಹೋಗಿ ಉಬ್ಬನ್ನು ಒರೆಸಿತು. ಅದು ಕಾಲಿನ ಕಡೆಗೆ ಸ್ವಲ್ಪ ಜರುಗಿತು. ಕೈ ತೆಗೆದೊಡನೆ ಮರಳಿ ನಡುವಿಗೆ ಬಂದು ಕೂತಿತು. ನಾನು ಏಳಿಸಲಿಲ್ಲ.